ಅತ್ತೆಯ ತೋಳಿಗೆ ಶುಗರ್ ಸೆನ್ಸರ್: ಹನ್ನೆರಡು ದಿನದ ಲೆಕ್ಕ, ನನ್ನ ರಾಗಿ ಗಂಜಿಯ ಸೋಲು

ಮೊದಲೇ ಹೇಳಿಬಿಡುತ್ತೇನೆ, ತೋಳಿಗೆ ಅಂಟಿಸುವ ಈ ಶುಗರ್ ಸೆನ್ಸರ್‌ಗೆ ನಾನು ಕೊಡುವುದು ಐದಕ್ಕೆ ಮೂರೂವರೆ. ಕಂಪನಿ ಹೆಸರು ಹಾಕುವುದಿಲ್ಲ, ಕೇಳಬೇಡಿ. ನಿಮ್ಮ ಡಾಕ್ಟರ್ ಯಾವುದನ್ನು ಬರೆದುಕೊಟ್ಟರೂ ಕೆಲಸ ಮಾಡುವ ರೀತಿ ಹೆಚ್ಚುಕಡಿಮೆ ಒಂದೇ.

ಅತ್ತೆಗೆ 67 ವರ್ಷ. ಶುಗರ್ ಬಂದು ಹನ್ನೊಂದು ವರ್ಷ ಆಯಿತು. ಬರೀ ಮಾತ್ರೆ, ಇನ್ಸುಲಿನ್ ಇಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿದರೆ 130ರ ಆಸುಪಾಸು ಬರುತ್ತಿತ್ತು, ನಾವು ಪರವಾಗಿಲ್ಲ ಅಂದುಕೊಂಡು ಸುಮ್ಮನಿದ್ದೆವು. ಆದರೆ ಮೂರು ತಿಂಗಳ ಸರಾಸರಿ ಅಂತಾರಲ್ಲ, ಎಚ್‌ಬಿಎ1ಸಿ, ಅದು 8.1. ಡಾಕ್ಟರ್ ರಿಪೋರ್ಟ್ ನೋಡಿ, "ಬೆಳಿಗ್ಗೆದು ಇಷ್ಟು ಕಡಿಮೆ ಇದ್ದು ಸರಾಸರಿ ಇಷ್ಟು ಜಾಸ್ತಿ ಅಂದ್ರೆ ಊಟ ಆದ್ಮೇಲೆ ಎಲ್ಲೋ ಏರ್ತಾ ಇದೆ, ಎಲ್ಲಿ ಅಂತ ಕಂಡುಹಿಡೀರಿ" ಅಂದರು.

ಮನೆಯಲ್ಲಿ ಆಗಲೇ ಮೂರು ಪಕ್ಷ ಇತ್ತು. ನನ್ನ ಪ್ರಕಾರ ಕಳ್ಳ ಅಂದರೆ ಪಂದಿ ಕರಿ, ಕೊಡಗಿನ ಹಂದಿ ಮಾಂಸದ ಸಾರು. ಮನೆಯವರ ಪ್ರಕಾರ ದಿನಕ್ಕೆ ಮೂರು ಸಲ ಕುಡಿಯುವ ಬೆಲ್ಲದ ಕಾಫಿ. ಅತ್ತೆಯ ಪ್ರಕಾರ ಚಿಂತೆ, ಅದೂ ನಮ್ಮಿಬ್ಬರಿಂದ ಬರುವ ಚಿಂತೆ.

ನಾನು ಪಿರಿಯಾಪಟ್ಟಣದ ಕಡೆಯವಳು, ರಾಗಿ ತಿಂದು ಬೆಳೆದವಳು. ಮದುವೆಯಾಗಿ ಕೊಡಗಿಗೆ ಬಂದು ಹದಿನೆಂಟು ವರ್ಷ ಆದರೂ, ಬೆಳಿಗ್ಗೆ ಅಕ್ಕಿ ಒಟ್ಟಿ (ರೊಟ್ಟಿ), ಮಧ್ಯಾಹ್ನ ಅನ್ನ, ರಾತ್ರಿ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಅಥವಾ ನೂಪುಟ್ಟು (ಅಕ್ಕಿ ಶಾವಿಗೆ), ಹೀಗೆ ಮೂರು ಹೊತ್ತೂ ಅಕ್ಕಿಯನ್ನೇ ಬೇರೆ ಬೇರೆ ವೇಷದಲ್ಲಿ ತಿನ್ನುವುದು ನನಗೆ ಇನ್ನೂ ಆಶ್ಚರ್ಯ. ಹಾಗಾಗಿ ಅತ್ತೆಗೆ ಶುಗರ್ ಅಂತ ಗೊತ್ತಾದಾಗಿನಿಂದ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ರಾಗಿ ಗಂಜಿ ನನ್ನ ಕಾನೂನು. ಇದನ್ನು ನೆನಪಿಟ್ಟುಕೊಳ್ಳಿ.

ಸೆನ್ಸರ್ ಗೋಣಿಕೊಪ್ಪದ ಮೆಡಿಕಲ್ ಶಾಪಿನಲ್ಲಿ ಇರಲಿಲ್ಲ, ಹೇಳಿದರೆ ತರಿಸಿಕೊಡುತ್ತೇವೆ ಅಂದರು. ಮೈಸೂರಿನಲ್ಲಿರುವ ನಾದಿನಿ ಕೊಂಡು ಬಸ್ಸಿನಲ್ಲಿ ಕಳಿಸಿದಳು. ಐದು ಸಾವಿರಕ್ಕೆ ಸ್ವಲ್ಪ ಕಡಿಮೆ. ಬಾಳಿಕೆ ಹದಿನಾಲ್ಕು ದಿನ. ಅಷ್ಟು ದುಡ್ಡಿಗೆ ಎಷ್ಟು ಚೀಲ ಗೊಬ್ಬರ ಬರುತ್ತದೆ ಅಂತ ಮನೆಯವರು ಜೋರಾಗಿಯೇ ಲೆಕ್ಕ ಹಾಕಿದರು.

ಹಾಕುವುದು ಸುಲಭ. ಮುದ್ರೆ ಒತ್ತುವ ಹಾಗೆ ಒಂದು ಸಾಧನ ಇರುತ್ತದೆ, ತೋಳಿನ ಹಿಂಭಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಟ್ಟು, ಇಟ್ಟು ಒತ್ತಿದರೆ ಟಪ್ ಅಂತ ಸದ್ದು, ಆಯಿತು. ಅತ್ತೆ ಕಣ್ಣು ಮುಚ್ಚಿಕೊಂಡು ಕೂತವರು "ಇನ್ನೂ ಹಾಕಿಲ್ವಾ?" ಅಂದರು. ಚರ್ಮದ ಮೇಲೆ ಉಳಿಯುವುದು ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಬಿಳಿ ಬಿಲ್ಲೆ. ಅದರಿಂದ ಕೂದಲಿನಂಥ ಒಂದು ಎಳೆ ಸುಮಾರು 5 ಮಿಲಿಮೀಟರ್ ಒಳಗೆ ಹೋಗಿರುತ್ತದೆ. ಆ ಎಳೆಯ ಮೇಲೆ ಒಂದು ಕಿಣ್ವ ಸವರಿರುತ್ತಾರೆ. ಅದು ಗ್ಲೂಕೋಸ್ ಜೊತೆ ಸೇರಿದಾಗ ಹುಟ್ಟುವ ಚೂರು ಕರೆಂಟನ್ನು ಅಳೆದು ಶುಗರ್ ಎಷ್ಟು ಅಂತ ಲೆಕ್ಕ ಹಾಕುವುದು. ಈ ಉಪಾಯ ಹೊಸದೇನಲ್ಲ, 1962ರಲ್ಲೇ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಬರೆದಿಟ್ಟಿದ್ದರು.

ಒಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಇದು ರಕ್ತದ ಶುಗರ್ ನೋಡುವುದಲ್ಲ, ಚರ್ಮದ ಕೆಳಗೆ ಜೀವಕೋಶಗಳ ನಡುವೆ ಇರುವ ನೀರಿನ ಶುಗರ್ ನೋಡುತ್ತದೆ. ರಕ್ತದಲ್ಲಿ ಏರಿದ್ದು ಅಲ್ಲಿಗೆ ತಲುಪಲು ಐದು ಹತ್ತು ನಿಮಿಷ ಬೇಕು. ಹಾಗಾಗಿ ಬೆರಳು ಚುಚ್ಚಿ ನೋಡಿದ ನಂಬರಿಗೂ ಇದಕ್ಕೂ ಸರಿಯಾಗಿ ತಾಳೆ ಆಗುವುದಿಲ್ಲ, ಅದರಲ್ಲೂ ಊಟ ಆದ ಮೇಲೆ. ಮೊದಲ ದಿನವಂತೂ ಅದರ ಮಾತು ಕೇಳಲೇಬೇಡಿ. ನಮ್ಮದು ಮೊದಲ ದಿನ ಬೆರಳಿನ ನಂಬರಿಗಿಂತ ಮೂವತ್ತು ಜಾಸ್ತಿ ತೋರಿಸುತ್ತಿತ್ತು, ಎರಡನೇ ದಿನ ದಾರಿಗೆ ಬಂತು. ನಂಬರಿಗಿಂತ ಫೋನಿನ ಆಪಿನಲ್ಲಿ ಮೂಡುವ ಗೆರೆ ಮುಖ್ಯ ಅಂತ ನನಗೆ ಅರ್ಥವಾಗಿದ್ದು ಆಮೇಲೆ. ಎಷ್ಟು ಹೊತ್ತಿಗೆ ಏರಿತು, ಎಷ್ಟು ಕಡಿದಾಗಿ ಏರಿತು, ಎಷ್ಟು ಹೊತ್ತಿನ ಮೇಲೆ ಇಳಿಯಿತು, ಅದನ್ನು ಬೆರಳು ಚುಚ್ಚಿ ತಿಳಿಯುವುದು ಆಗದ ಮಾತು.

ಎರಡನೇ ದಿನ ಬೆಳಿಗ್ಗೆ ನನ್ನ ಗಂಜಿ. ನುಣ್ಣಗೆ ಬೀಸಿಸಿದ ಹಿಟ್ಟು, ಮಜ್ಜಿಗೆ, ಚಿಟಿಕೆ ಉಪ್ಪು, ಸಕ್ಕರೆ ಒಂದು ಕಾಳೂ ಇಲ್ಲ. ಕುಡಿಯುವ ಮೊದಲು 138. ಐವತ್ತು ನಿಮಿಷಕ್ಕೆ 249. ಗೆರೆ ತೋಟದ ಏಣಿ ಇಟ್ಟ ಹಾಗೆ ನೆಟ್ಟಗೆ ನಿಂತಿತ್ತು. ನಾನು ಸೆನ್ಸರ್ ಕೆಟ್ಟಿದೆ ಅಂದೆ. ಬೆರಳು ಚುಚ್ಚಿದೆ, 243. ಎರಡು ದಿನ ಬಿಟ್ಟು ಮತ್ತೆ ಕುಡಿಸಿದೆ, ಆಗಲೂ 240 ದಾಟಿತು. ಮೊದಲ ಭಾನುವಾರ ರಾತ್ರಿ ಪಂದಿ ಕರಿ ಕಡಂಬುಟ್ಟು ಮಾಮೂಲಿಯಂತೆ ಸೇರಿಸಿ ತಿಂದರು, ಏರಿದ್ದು 218ಕ್ಕೆ.

"ನಿನ್ನ ಗಂಜಿಗೆ 249, ನನ್ನ ಹಂದಿಗೆ 218. ಇನ್ನು ಮಾತಾಡ್ಬೇಡ" ಅಂದರು ಅತ್ತೆ.

ಯೋಚನೆ ಮಾಡಿದರೆ ಇದರಲ್ಲಿ ವಿಚಿತ್ರ ಏನೂ ಇಲ್ಲ. ರಾಗಿ ಒಳ್ಳೆಯದು ಅನ್ನುವುದು ಸರಿ, ಆದರೆ ನುಣ್ಣಗೆ ಬೀಸಿ, ನೀರಲ್ಲಿ ಕುದಿಸಿ, ಅಗಿಯುವ ಕೆಲಸವೂ ಇಲ್ಲದಂತೆ ಮಾಡಿ ಖಾಲಿ ಹೊಟ್ಟೆಗೆ ಕುಡಿಸಿದರೆ ಕರುಳಿಗೆ ಇನ್ನೇನು ಕೆಲಸ ಉಳಿಯಿತು? ಅದೇ ರಾಗಿಯ ಮುದ್ದೆ ಮಾಡಿ ಸೊಪ್ಪಿನ ಸಾರು, ಹುರುಳಿಕಾಳಿನ ಜೊತೆ ಕೊಟ್ಟ ದಿನ 201ಕ್ಕೆ ನಿಂತಿತು. ನನ್ನ ಊರಿನ ಮಾನ ಅಷ್ಟರ ಮಟ್ಟಿಗೆ ಉಳಿಯಿತು.

ಈ ಗಲಾಟೆ ನಡೆಯುವಾಗ ಪಿಯುಸಿ ಓದುವ ಮಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದವರು 2025ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ತಂದು ತೋರಿಸಿದ. ಮೈಕಲ್ ಸ್ನೈಡರ್ ಅನ್ನುವ ವಿಜ್ಞಾನಿಯ ತಂಡ 55 ಜನರಿಗೆ ಇದೇ ತರದ ಸೆನ್ಸರ್ ಹಾಕಿಸಿ, ರಾತ್ರಿ ಉಪವಾಸದ ನಂತರ ಅನ್ನ, ಬ್ರೆಡ್, ಆಲೂಗಡ್ಡೆ, ಪಾಸ್ತಾ, ಬೀನ್ಸ್, ದ್ರಾಕ್ಷಿ, ಬೆರ್ರಿ ಹಣ್ಣುಗಳನ್ನು ಬೇರೆ ಬೇರೆ ದಿನ ತಿನ್ನಿಸಿದರು. ಪ್ರತಿಯೊಂದರಲ್ಲೂ 50 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ ಸಕ್ಕರೆ ಎಲ್ಲ ಸೇರಿ, ಇರುವ ಹಾಗೆ ಅಳತೆ. ಒಬ್ಬೊಬ್ಬರ ಮೈ ಒಂದೊಂದು ತರ. ಕೆಲವರಿಗೆ ಬ್ರೆಡ್ ಏರಿಸಿತು, ಕೆಲವರಿಗೆ ಆಲೂಗಡ್ಡೆ. ಅನ್ನ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಏರಿಸಿತು. ಅನ್ನಕ್ಕೆ ಎಲ್ಲಕ್ಕಿಂತ ಜಾಸ್ತಿ ಏರುವವರಲ್ಲಿ ಏಷ್ಯಾ ಮೂಲದವರು ಹೆಚ್ಚಾಗಿದ್ದರು. ಕೊಡಗಿನವರನ್ನು ಯಾರೂ ಕರೆದಿರಲಿಲ್ಲ, ಕರೆದಿದ್ದರೆ ಒಟ್ಟಿ, ಪುಟ್ಟು, ಅನ್ನ ಅಂತ ಮೂರು ಪಂಗಡ ಮಾಡಬೇಕಾಗುತ್ತಿತ್ತು.

ಅದರಲ್ಲೇ ಇನ್ನೊಂದು ಪ್ರಯೋಗ ಇತ್ತು. ಅನ್ನ ತಿನ್ನುವ ಹತ್ತು ನಿಮಿಷ ಮೊದಲು ಕೆಲವು ಸಲ ಬಟಾಣಿಯ ನಾರು, ಕೆಲವು ಸಲ ಬೇಯಿಸಿದ ಮೊಟ್ಟೆಯ ಬಿಳಿ, ಕೆಲವು ಸಲ ಕೆನೆ ಕೊಟ್ಟು ನೋಡಿದರು. ಆರೋಗ್ಯವಾಗಿದ್ದವರಿಗೆ ಏರಿಕೆ ಕಡಿಮೆಯಾಯಿತು ಅಥವಾ ತಡವಾಯಿತು. ಇನ್ಸುಲಿನ್‌ಗೆ ಮೈ ಬಗ್ಗದವರಿಗೆ, ಅಂದರೆ ಯಾರಿಗೆ ಇದು ನಿಜವಾಗಿ ಬೇಕೋ ಅವರಿಗೆ, ಹೆಚ್ಚು ಉಪಯೋಗ ಆಗಲಿಲ್ಲ.

ಇದನ್ನು ಓದಿ ನನಗೆ ಸ್ವಲ್ಪ ಬೇಜಾರಾಯಿತು. ಯಾಕಂದರೆ ಡಾಕ್ಟರ್ ನಮಗೆ ಹೇಳಿದ್ದೇ ಮೊದಲು ತರಕಾರಿ, ಮಾಂಸ ತಿನ್ನಿ, ಅನ್ನ ಕೊನೆಗೆ ಅಂತ. ಆ ಸಲಹೆಯೂ ಗಾಳಿಯಲ್ಲಿ ಬಂದಿದ್ದಲ್ಲ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಅಲ್ಪನಾ ಶುಕ್ಲಾ ಮತ್ತು ಅವರ ಜೊತೆಗಾರರು 2015ರಲ್ಲಿ ಇದನ್ನು ಪರೀಕ್ಷೆ ಮಾಡಿದ್ದರು. ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುವ 11 ಜನ ಶುಗರ್ ರೋಗಿಗಳು. ಒಂದು ದಿನ ಬ್ರೆಡ್ಡು, ಕಿತ್ತಳೆ ಜ್ಯೂಸ್ ಮೊದಲು, ಹದಿನೈದು ನಿಮಿಷ ಬಿಟ್ಟು ಕೋಳಿ ಮತ್ತು ತರಕಾರಿ. ಒಂದು ವಾರದ ನಂತರ ಅದೇ ಊಟ ತಿರುಗಾಮುರುಗಾ. ಕೋಳಿ, ತರಕಾರಿ ಮೊದಲು ತಿಂದ ದಿನ ಅರ್ಧ ಗಂಟೆಗೆ ಶುಗರ್ 28.6 ಶೇಕಡಾ ಕಡಿಮೆ, ಒಂದು ಗಂಟೆಗೆ 36.7 ಶೇಕಡಾ ಕಡಿಮೆ. ಬರೀ ಹನ್ನೊಂದು ಜನ ಅನ್ನುವುದು ಒಂದು ಕೊರತೆ. ಇನ್ನೊಂದು, ಬ್ರೆಡ್ಡನ್ನು ಬರಿದೇ ತಿಂದು ಕಾಲು ಗಂಟೆ ಕೋಳಿಗೆ ಕಾಯುವವರು ಯಾರಿದ್ದಾರೆ, ನಾವೆಲ್ಲ ಕಲಸಿಕೊಂಡೇ ತಿನ್ನುವುದು ಅಲ್ವಾ? ಅದಕ್ಕೇ ಇರಬೇಕು, ಅದೇ ತಂಡದವರು 2017ರಲ್ಲಿ 16 ಜನರ ಮೇಲೆ ಎಲ್ಲ ಸೇರಿಸಿ ತಿನ್ನುವುದನ್ನೂ ನೋಡಿದರು. ಆಗಲೂ ಪಿಷ್ಟ ಕೊನೆಗೆ ತಿಂದಾಗಲೇ ಕಡಿಮೆ.

ಎರಡೂ ದೊಡ್ಡ ಆಸ್ಪತ್ರೆ ಇರುವ ವಿಶ್ವವಿದ್ಯಾಲಯಗಳು, ಎರಡರ ಮಾತೂ ಬೇರೆ. ನಮ್ಮ ಅತ್ತೆಯ ತೋಳು ಯಾರ ಪರ?

ಮೂರು ಸಲ ನೋಡಿದೆವು. ಅತ್ತೆಗೆ ಒಂದು ಬಟ್ಟಲು ಪಂದಿ ಕರಿ, ಒಂದು ಬಟ್ಟಲು ಕಣಿಲೆ (ಎಳೆ ಬಿದಿರು) ಪಲ್ಯ ಮೊದಲು, ಹದಿನೈದು ನಿಮಿಷ ಬಿಟ್ಟು ನಾಲ್ಕು ಕಡಂಬುಟ್ಟು, ಅದಕ್ಕೆ ನೆಂಚಿಕೊಳ್ಳಲು ಉಳಿದ ಸಾರು. ಅವರಿಗೆ ಇದು ಘೋರ ಅನ್ಯಾಯ. "ಕರಿ ಖಾಲಿ ಆದ್ಮೇಲೆ ಪುಟ್ಟು ಯಾತಕ್ಕೆ, ಕ್ರಿಕೆಟ್ ಆಡೋಕಾ?" ಅಂತ ಒಂದನ್ನು ಬೆರಳಲ್ಲಿ ಉರುಳಿಸಿ ತೋರಿಸಿದರು. ಮೊದಲ ಸಲ 176, ಎರಡನೇ ಸಲ 183, ಮೂರನೇ ಸಲ 214. ಮೂರನೇ ಸಲ ಯಾಕೆ ಹಾಗಾಯಿತು ಅಂದರೆ, ಆ ಹದಿನೈದು ನಿಮಿಷದಲ್ಲಿ ಅಡುಗೆಮನೆಗೆ ಹೋಗಿ ಎರಡು ಪುಟ್ಟು ಬಾಯಿಗೆ ಹಾಕಿಕೊಂಡಿದ್ದರು ಅಂತ ಮಗ ನಾಲ್ಕು ದಿನ ಬಿಟ್ಟು ಹೇಳಿದ. ಸ್ಟ್ಯಾನ್‌ಫರ್ಡ್‌ನವರಿಗೆ ಈ ಸಮಸ್ಯೆ ಇತ್ತೋ ಇಲ್ಲವೋ. ನಮ್ಮ ಮನೆಯಲ್ಲಿ ಮಾತ್ರ ಕಾರ್ನೆಲ್ ಗೆದ್ದಿತು, ಮೂರಕ್ಕೆ ಎರಡು.

ಒಂದು ಮಾತು ಇಲ್ಲಿ ಹೇಳಬೇಕು. ಪಂದಿ ಕರಿ ಶುಗರ್ ಏರಿಸಲಿಲ್ಲ ಅಂದ ಮಾತ್ರಕ್ಕೆ ದಿನಾ ತಿನ್ನಬಹುದು ಅಂತಲ್ಲ. ಸೆನ್ಸರ್‌ಗೆ ಕೊಬ್ಬು ಕಾಣುವುದಿಲ್ಲ, ಉಪ್ಪು ಕಾಣುವುದಿಲ್ಲ. ಇದನ್ನು ಅತ್ತೆಗೆ ಒಪ್ಪಿಸುವುದು ಇನ್ನೂ ಬಾಕಿ ಇದೆ.

ಬೆಲ್ಲದ ಕಾಫಿ ವಿಷಯದಲ್ಲಿ ಮನೆಯವರು ಗೆದ್ದರು. ಸಂಜೆ ನಾಲ್ಕಕ್ಕೆ ಒಂದು ಲೋಟ ಕುಡಿದರೆ ಪ್ರತಿ ಸಲವೂ ನಲವತ್ತು ಐವತ್ತು ಏರುತ್ತದೆ. ಬೆಲ್ಲ ಸಕ್ಕರೆಯಲ್ಲ ಅಂತ ಹನ್ನೊಂದು ವರ್ಷದಿಂದ ನಡೆಯುತ್ತಿದ್ದ ವಾದ ಆವತ್ತೇ ಮುಗಿಯಿತು. ಈಗ ಬೆಳಿಗ್ಗೆದೊಂದು ಮಾತ್ರ ಬೆಲ್ಲ ಹಾಕಿ, ಮಿಕ್ಕಿದ್ದು ಬರೀ ಕಾಫಿ. ನಮ್ಮದೇ ತೋಟದ ಕಾಫಿ ಬೆಲ್ಲ ಇಲ್ಲದೆ ಹೇಗಿರುತ್ತದೆ ಅಂತ ಅವರಿಗೆ 67ನೇ ವಯಸ್ಸಿನಲ್ಲಿ ಗೊತ್ತಾಯಿತು, ಅಷ್ಟೇನೂ ಚೆನ್ನಾಗಿಲ್ಲವಂತೆ.

ಊಟ ಆದ ಮೇಲೆ ನಡೆಯುವ ವಿಷಯ. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿರುವ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ 41 ಜನ ಶುಗರ್ ರೋಗಿಗಳ ಮೇಲೆ ನೋಡಿದ್ದಾರೆ. ದಿನಕ್ಕೊಂದು ಸಲ ಯಾವಾಗಲೋ ಅರ್ಧ ಗಂಟೆ ನಡೆಯುವುದಕ್ಕಿಂತ ಮೂರು ಊಟದ ನಂತರವೂ ಹತ್ತು ಹತ್ತು ನಿಮಿಷ ನಡೆದಾಗ ಊಟದ ನಂತರದ ಶುಗರ್ 12 ಶೇಕಡಾ ಕಡಿಮೆ, ರಾತ್ರಿ ಊಟದ ನಂತರವಂತೂ 22 ಶೇಕಡಾ ಕಡಿಮೆ. ಒಳ್ಳೆಯ ಮಾತು. ಆದರೆ ಡ್ಯುನೆಡಿನ್‌ನಲ್ಲಿ ಆನೆ ಇಲ್ಲ. ನಮ್ಮ ಕಡೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ವಾಕಿಂಗ್ ಅಂದರೆ ಶುಗರ್ ಜೊತೆಗೆ ಎಲ್ಲವೂ ಮುಗಿಯುತ್ತದೆ, ಮಳೆಗಾಲದಲ್ಲಿ ಅದರ ಮೇಲೆ ಜಿಗಣೆ ಬೇರೆ. ಹಾಗಾಗಿ ಜಗಲಿಯಲ್ಲೇ ಈ ತುದಿಯಿಂದ ಆ ತುದಿಗೆ. ಹದಿನಾಲ್ಕು ಹೆಜ್ಜೆ ಹೋಗುವುದು, ಹದಿನಾಲ್ಕು ಬರುವುದು. ಸೊಂಟಕ್ಕೆ ಶಾಲು ಸುತ್ತಿಕೊಂಡು, ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತಾ ನಡೆದರೆ ಹತ್ತು ನಿಮಿಷ ಇಪ್ಪತ್ತೈದು ಆಗಿದ್ದೂ ಗೊತ್ತಾಗುವುದಿಲ್ಲ. ಆ ದಿನಗಳಲ್ಲಿ ಏರಿಕೆ ಹದಿನೈದರಿಂದ ಇಪ್ಪತ್ತೈದು ಕಡಿಮೆ ಕಂಡಿತು. ಖರ್ಚಿಲ್ಲದ ಔಷಧಿ.

ಔಷಧಿ ಅಂದಾಗ ನೆನಪಾಯಿತು. ನಾವು ಸೆನ್ಸರ್ ಹಾಕಿದ್ದು ಜುಲೈ 27ಕ್ಕೆ. ಅಂದರೆ ಎಂಟನೇ ದಿನ ಆಗಸ್ಟ್ 3, ಕಕ್ಕಡ 18, ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ. ಕೊಡಗಿನವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ: ಆ ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಔಷಧಿ ಸೇರಿರುತ್ತದೆ ಅಂತ ನಂಬಿಕೆ. ಸೊಪ್ಪನ್ನು ಕುದಿಸಿದರೆ ನೀರು ಕಡು ನೇರಳೆಗೆ ತಿರುಗುತ್ತದೆ, ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಲು ಹಾಕಿ ಪಾಯಸ. ಮರುದಿನ ಮೂತ್ರ ಕೆಂಪಾದರೆ ಮದ್ದು ಮೈಗೆ ಹತ್ತಿತು ಅಂತ ಲೆಕ್ಕ. ಆ ಪರಿಮಳ ಅಡುಗೆಮನೆ ದಾಟಿ ಹಟ್ಟಿಯವರೆಗೂ ಹೋಗುತ್ತದೆ. ಅತ್ತೆ ಎರಡು ಬಟ್ಟಲು ತಿಂದರು. "ಇದು ಮದ್ದು, ಇದಕ್ಕೆ ಏರಲ್ಲ" ಅಂತ ತೋಳನ್ನು ತಾವೇ ಮುಂದೆ ಚಾಚಿದರು.

262. ಹನ್ನೆರಡು ದಿನದಲ್ಲಿ ಅದೇ ದಾಖಲೆ.

ಅತ್ತೆ ಸ್ವಲ್ಪ ಹೊತ್ತು ಫೋನನ್ನೇ ನೋಡಿದರು. ಆಮೇಲೆ, "ಸೊಪ್ಪು ಅಲ್ಲ, ಬೆಲ್ಲ" ಅಂದರು. ಅದು ನಿಜವೇ ಇರಬೇಕು, ಬೆಲ್ಲದ ಜೊತೆ ಅಕ್ಕಿಯೂ. ವರ್ಷಕ್ಕೊಂದು ದಿನ, ನಾನೇನೂ ಹೇಳಲಿಲ್ಲ. ರಾಗಿ ಗಂಜಿ ಎರಡನೇ ಸ್ಥಾನಕ್ಕೆ ಇಳಿಯಿತಲ್ಲ ಅಂತ ಒಳಗೊಳಗೇ ಸಮಾಧಾನ.

ಇನ್ನು ಆ ಒಂದೂವರೆ ಅಂಕ ಹೋಗಿದ್ದು ಎಲ್ಲಿ ಅಂತ ಹೇಳುತ್ತೇನೆ.

ಮೂರನೇ ರಾತ್ರಿ ಎರಡೂವರೆ ಗಂಟೆಗೆ ಫೋನ್ ಕೂಗಿಕೊಂಡಿತು, ಶುಗರ್ 58 ಅಂತ. ಕರೆಂಟ್ ಇರಲಿಲ್ಲ, ಹೊರಗೆ ಗಾಳಿ ಮಳೆ. ಟಾರ್ಚ್ ಹಿಡಿದು, ಒಂದು ಕೈಯಲ್ಲಿ ಸಕ್ಕರೆ ನೀರು ಹಿಡಿದು ಓಡಿದರೆ ಅತ್ತೆ ಎಡಗೈ ಮೇಲೆ ಮಗ್ಗುಲಾಗಿ ಎರಡು ಕಂಬಳಿಯೊಳಗೆ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿ ಬೆರಳು ಚುಚ್ಚಿದೆ, 104. ಸೆನ್ಸರ್ ಇರುವ ಕಡೆ ಒತ್ತಿ ಮಲಗಿದರೆ ಅಲ್ಲಿ ರಕ್ತ, ನೀರು ಸರಿಯಾಗಿ ಓಡಾಡದೆ ಸುಳ್ಳು ಕಡಿಮೆ ನಂಬರ್ ತೋರಿಸುತ್ತದಂತೆ, ಇದು ಎಲ್ಲರಿಗೂ ಗೊತ್ತಿರುವ ದೋಷವಂತೆ. ನನಗೆ ಗೊತ್ತಿರಲಿಲ್ಲ. ಆ ಸಕ್ಕರೆ ನೀರನ್ನು ನಾನೇ ಕುಡಿದು ಮಲಗಿದೆ. ಹಾಗಂತ ನಿಜವಾದ ಕಡಿಮೆ ಶುಗರನ್ನು ಹಗುರವಾಗಿ ತಗೊಳ್ಳಬೇಡಿ, ಬೆವರು, ನಡುಕ ಇದ್ದರೆ ಮೊದಲು ಸಕ್ಕರೆ, ಆಮೇಲೆ ಲೆಕ್ಕ. ಇಲ್ಲದಿದ್ದರೆ ಬೆರಳು ಚುಚ್ಚಿ ಖಾತ್ರಿ ಮಾಡಿಕೊಳ್ಳಿ. ಅಂದರೆ ಗ್ಲೂಕೋಮೀಟರ್ ಮನೆಯಲ್ಲಿ ಇರಲೇಬೇಕು, ಇದು ಅದರ ಬದಲಿಗೆ ಅಲ್ಲ.

ವಿಟಮಿನ್ ಸಿ ಮಾತ್ರೆ ಜಾಸ್ತಿ ತಗೊಳ್ಳುವವರಿಗೆ ಕೆಲವು ಸೆನ್ಸರ್ ಸುಳ್ಳು ಜಾಸ್ತಿ ತೋರಿಸುತ್ತವೆ, ಅದನ್ನೂ ಡಾಕ್ಟರಿಗೆ ಹೇಳಿ.

ಆಮೇಲೆ ಅಂಟು. ನಮ್ಮ ಮಳೆಗಾಲವನ್ನು ಯಾವ ಅಂಟೂ ನೋಡಿಲ್ಲ ಅನಿಸುತ್ತದೆ. ಹತ್ತನೇ ದಿನವೇ ಅಂಚು ಎದ್ದಿತ್ತು, ಮೇಲೆ ಪ್ಲಾಸ್ಟರ್ ಹಾಕಿದೆ. ಹನ್ನೆರಡನೇ ದಿನ ಹಂಡೆ ನೀರಿನ ಸ್ನಾನ ಮುಗಿಸಿ ಸ್ವೆಟರ್ ಹಾಕಿಕೊಳ್ಳುವಾಗ ತೋಳಿನ ಜೊತೆ ಬಿಲ್ಲೆಯೂ ಕಿತ್ತುಬಂತು. ಎರಡು ದಿನ ನಷ್ಟ. ಕಂಪನಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಪಿಟೀಲು ಕೇಳಿಸಿದ ಮೇಲೆ ಒಬ್ಬಳು ಹುಡುಗಿ ಸಿಕ್ಕಿದಳು, ಪಾಪ ಮರ್ಯಾದೆಯಿಂದಲೇ ಮಾತಾಡಿದಳು. ಬದಲಿ ಕೊಡಬಹುದು ಮೇಡಂ, ಡಬ್ಬದ ಮೇಲಿನ ಸೀರಿಯಲ್ ನಂಬರ್ ಹೇಳಿ ಅಂದಳು. ಡಬ್ಬ ಮೊದಲ ದಿನವೇ ಹಂಡೆ ಒಲೆಗೆ ಹೋಗಿತ್ತು. ಒದ್ದೆ ಸೌದೆಗೆ ಒಣ ರಟ್ಟು ಸಿಕ್ಕಿದರೆ ಮಾವ ಬಿಡುವವರಲ್ಲ. ಸೆನ್ಸರ್ ಮೇಲಿನ ನಂಬರನ್ನು ಓದಿದೆ, ಅದು ಸಾಲದು, ಬಿಲ್ಲಿನ ಫೋಟೋ ಬೇಕು, ಇಮೇಲ್ ಮಾಡಿ ಅಂದಳು. ನಾದಿನಿಯಿಂದ ಬಿಲ್ ತರಿಸಿ ಕಳಿಸಿ ಮೂರು ವಾರ ಆಯಿತು, ನಿಮ್ಮ ದೂರು ಸ್ವೀಕರಿಸಿದ್ದೇವೆ ಅನ್ನುವ ಉತ್ತರ ಎರಡು ಸಲ ಬಂದಿದೆ.

ಯಾರು ಕೊಳ್ಳಬೇಕು? ಇನ್ಸುಲಿನ್ ತಗೊಳ್ಳುವವರಿಗೆ ಇದರ ಉಪಯೋಗ ಗಟ್ಟಿ. 2021ರಲ್ಲಿ ಅಮೆರಿಕದಲ್ಲಿ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಮಾತ್ರ ತಗೊಳ್ಳುತ್ತಿದ್ದ 175 ಜನರನ್ನು ಎಂಟು ತಿಂಗಳು ನೋಡಿದಾಗ, ಸೆನ್ಸರ್ ಹಾಕಿದವರ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 9.1ರಿಂದ 8.0ಕ್ಕೆ ಇಳಿದಿತ್ತು, ಬೆರಳು ಚುಚ್ಚಿಕೊಂಡವರದು 9.0ಯಿಂದ 8.4ಕ್ಕೆ. ಬೆರಳು ಚುಚ್ಚಿಕೊಂಡವರದೂ ಇಳಿದಿದೆ, ಗಮನಿಸಿ. ಬರೀ ಮಾತ್ರೆಯಲ್ಲಿರುವವರು ತಿಂಗಳು ತಿಂಗಳು ಹಾಕಿಕೊಳ್ಳುವುದು ದುಡ್ಡಿಗೆ ದಂಡ ಅಂತ ನನ್ನ ಅಭಿಪ್ರಾಯ. ಒಂದೇ ಒಂದು ಸಲ ಹಾಕಿಸಿ, ಮನೆಯಲ್ಲಿ ತಿನ್ನುವುದನ್ನೆಲ್ಲ ತಿಂದು, ಏನು ತಿಂದೆ ಎಷ್ಟು ಹೊತ್ತಿಗೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಪಿನಲ್ಲಿ ಬರೆಯುತ್ತೇನೆ ಅಂದರೆ ಬರೆಯುವುದಿಲ್ಲ. ಶುಗರ್ ಇಲ್ಲದವರು ಫ್ಯಾಷನ್‌ಗೆ ಹಾಕಿಕೊಂಡು ಒಂದು ಬಾಳೆಹಣ್ಣಿಗೆ 150 ಆಯಿತು ಅಂತ ಗಾಬರಿಯಾಗುವುದನ್ನೂ ನೋಡಿದ್ದೇನೆ, ಅವರಿಗಂತೂ ಬೇಡವೇ ಬೇಡ.

ಡಾಕ್ಟರ್ ನಮ್ಮ ನೋಟ್‌ಬುಕ್ಕನ್ನೇ ಜಾಸ್ತಿ ಹೊತ್ತು ನೋಡಿದರು. ಒಂದು ಮಾತ್ರೆಯ ಹೊತ್ತು ಬದಲಿಸಿದರು, ಹೊಸದು ಸೇರಿಸಲಿಲ್ಲ. ಗಂಜಿಯ ಪುಟದಲ್ಲಿ ಪೆನ್ನು ನಿಲ್ಲಿಸಿ "ಇದು ಯಾರ ಐಡಿಯಾ?" ಅಂದರು. ಅತ್ತೆ ನನ್ನ ಕಡೆ ಕೈ ತೋರಿಸಿದರು.

ಕೊಳ್ಳುವವರಿದ್ದರೆ ಮಳೆಗಾಲ ಮುಗಿದ ಮೇಲೆ ಕೊಳ್ಳಿ, ಬೆವರು ಕಡಿಮೆ ಇರುವ ಚಳಿಗಾಲ ಒಳ್ಳೆಯದು. ಬಿಲ್ ಇಟ್ಟುಕೊಳ್ಳಿ. ಡಬ್ಬವನ್ನು ಹದಿನಾಲ್ಕು ದಿನ ಮಾವನ ಕಣ್ಣಿಗೆ ಬೀಳದ ಕಡೆ ಇಡಿ.